ನಗೆ, ನಂಬುಗೆ, ನರಕ : ಮಾರ್ಮನ್ ಮತವನ್ನು ಕುರಿತ ವಿಡಂಬನ ಸಾಹಿತ್ಯ

ಪರರ ಪವಿತ್ರಗ್ರಂಥವನ್ನು ಕಂಡು ನಗುವುದು ಲೋಕದಲ್ಲಿ ಬಹು ಸುಲಭವಾದ ಕೆಲಸ. ಅನ್ಯರ ಆಚಾರ ಎಂದಿಗೂ ವಿಚಿತ್ರವಾಗಿಯೇ ತೋರುತ್ತದೆ. ತನ್ನ ಮನೆಯ ಆಚಾರ ಯಾರಿಗೂ ಹಾಗೆ ತೋರುವುದಿಲ್ಲ. ಆದರೆ ಆ ನಗೆಯಲ್ಲಿ ತಿಳಿವೆಷ್ಟು, ತಿರಸ್ಕಾರವೆಷ್ಟು ಎಂಬುದನ್ನು ತೂಗಿ ನೋಡುವುದು ಅಷ್ಟು ಸುಲಭವಲ್ಲ. ಆ ತೂಕವೇ ವಿಮರ್ಶೆಯ ಹೊಣೆ. ನಾಟ್ಯಶಾಸ್ತ್ರದಲ್ಲಿ ಭರತನು ವಿಕೃತವಾದ ವೇಷ, ವಿಕೃತವಾದ ಅಲಂಕಾರ ಮೊದಲಾದವನ್ನು ಹಾಸ್ಯದ ವಿಭಾವಗಳೆಂದು ಹೇಳಿ, ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯ ಆರು ಬಗೆಗಳನ್ನು ಎಣಿಸಿದ್ದಾನೆ. ಅವನ್ನು ಎರಡೆರಡರಂತೆ ಉತ್ತಮ, ಮಧ್ಯಮ, ಅಧಮ ಪ್ರಕೃತಿಯವರಿಗೆ ಹಂಚಿದ್ದಾನೆ. ನಗೆಗೆ ಗುರಿಯಾದ ವಸ್ತುವಿಗಿಂತ ನಗುವವನ ಪ್ರಕೃತಿಯೇ ನಗೆಯ ಮಟ್ಟವನ್ನು ತೋರಿಸಿಕೊಡುತ್ತದೆ ಎಂಬ ಸೂಚನೆಯನ್ನು ಈ ಹಂಚಿಕೆಯಿಂದ ಪಡೆಯಬಹುದು.

ಅಮೆರಿಕದ ಮಾರ್ಮನ್ ಮತವನ್ನು ಕುರಿತು ಒಂದೂವರೆ ಶತಮಾನಕ್ಕೂ ಮೀರಿ ಬೆಳೆದುಬಂದಿರುವ ವಿಡಂಬನ ಸಾಹಿತ್ಯ ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿದೆ. ಆ ಸಾಹಿತ್ಯ ಮುಖ್ಯವಾಗಿ ಮೂರು ವಸ್ತುಗಳ ಸುತ್ತ ಸುಳಿಯುತ್ತದೆ: ಒಂದು, ಅವರ ಧರ್ಮಗ್ರಂಥ, ಎರಡು, ಅವರ ಸಭೆಯ ಅಧಿಕಾರ, ಮೂರು, ನರಕದ ಕಲ್ಪನೆ. 2018ರಲ್ಲಿ ಬೆಂಗಳೂರಿನಲ್ಲಿಯೂ ತಮ್ಮದೊಂದು ದೇವಾಲಯವನ್ನು ಕಟ್ಟುವುದಾಗಿ ಆ ಸಭೆಯವರು ಸಾರಿದುದರಿಂದ, ಈ ಮತ ಕನ್ನಡಿಗರಿಗೆ ಕೇವಲ ದೂರದ ಸುದ್ದಿಯಾಗಿ ಉಳಿದಿಲ್ಲ. ಆದಕಾರಣ ಈ ಮೂರನ್ನೂ ಕ್ರಮವಾಗಿ ಪರಿಶೀಲಿಸುವುದು ಸಾಹಿತ್ಯದ ಅಭ್ಯಾಸಿಗಳಿಗೂ ಆಸ್ತಿಕರಿಗೂ ಉಪಯುಕ್ತವಾದೀತು.

ಮೊದಲು ಮತದ ಸ್ಥೂಲ ಪರಿಚಯ. ಇದರ ಪ್ರವರ್ತಕ ಜೋಸೆಫ್ ಸ್ಮಿತ್ (1805–1844) ಎಂಬ ರೈತನ ಮಗ. ದೇವದೂತನೊಬ್ಬ ತೋರಿಸಿದ ಚಿನ್ನದ ತಗಡುಗಳ ಮೇಲಿನ ಬರಹವನ್ನು ದೈವಸಹಾಯದಿಂದ ಇಂಗ್ಲಿಷಿಗೆ ತಂದೆನೆಂದು ಅವನು ಹೇಳಿದ. ಆ ಬರಹ 1830ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಪಾಲ್‌ಮೈರಾ ಎಂಬಲ್ಲಿ 5,000 ಪ್ರತಿಗಳಾಗಿ ಅಚ್ಚಾಯಿತು. ಅಚ್ಚಿನ ಖರ್ಚಿಗೆ ಮಾರ್ಟಿನ್ ಹ್ಯಾರಿಸ್ ಎಂಬ ಅನುಯಾಯಿ ತನ್ನ ಹೊಲವನ್ನು ಅಡವಿಟ್ಟ. ಅದೇ 'ಮಾರ್ಮನ್ ಗ್ರಂಥ'. ಕ್ರಿಸ್ತಪೂರ್ವ 600ರ ಸುಮಾರಿಗೆ ಜೆರೂಸಲೇಮನ್ನು ಬಿಟ್ಟು ಕಡಲು ದಾಟಿ ಅಮೆರಿಕವನ್ನು ಸೇರಿದ ಒಂದು ಮನೆತನದ ಏಳುಬೀಳುಗಳ ಕಥೆ ಅದರಲ್ಲಿದೆ. ಅದೇ ವರ್ಷದ ಏಪ್ರಿಲ್ 6ರಂದು ಸಭೆ ಸ್ಥಾಪಿತವಾಯಿತು. 1838ರಲ್ಲಿ ಮಿಸೂರಿ ಸಂಸ್ಥಾನದ ಗವರ್ನರನು ಈ ಜನರನ್ನು ನಿರ್ಮೂಲಗೊಳಿಸಬೇಕು, ಇಲ್ಲವೆ ಹೊರದೂಡಬೇಕು ಎಂದು ಆಜ್ಞೆ ಹೊರಡಿಸಿದ. 1844ರಲ್ಲಿ ಇಲಿನಾಯ್ ಸಂಸ್ಥಾನದ ಕಾರ್ಥೇಜ್ ಸೆರೆಮನೆಯಲ್ಲಿ ಸ್ಮಿತ್ ಮತ್ತು ಅವನ ಅಣ್ಣ ಹೈರಮ್ ಇಬ್ಬರೂ ಉದ್ರಿಕ್ತ ಗುಂಪಿನ ಗುಂಡಿಗೆ ಬಲಿಯಾದರು. ಅನಂತರ ಬ್ರಿಗಮ್ ಯಂಗನ ನಾಯಕತ್ವದಲ್ಲಿ ಅನುಯಾಯಿಗಳು ಪಶ್ಚಿಮಕ್ಕೆ ನಡೆದು 1847ರಲ್ಲಿ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆಸಿದರು. ಈ ಜನ ನಗೆಗೆ ಮಾತ್ರ ಗುರಿಯಾದವರಲ್ಲ, ಗುಂಡಿಗೂ ಗುರಿಯಾದವರು ಎಂಬುದನ್ನು ಮರೆತು ಮುಂದಿನ ವಿಚಾರಗಳನ್ನು ತೂಗಲಾಗದು.

ಗ್ರಂಥ

ಮಾರ್ಮನ್ ಗ್ರಂಥವನ್ನು ಹಾಸ್ಯಕ್ಕೆ ಎಳೆದವರಲ್ಲಿ ಅಗ್ರಗಣ್ಯ ಮಾರ್ಕ್ ಟ್ವೇನ್ (1835–1910). 1861ರಲ್ಲಿ ಅವನ ಅಣ್ಣ ಓರಿಯನ್ ಕ್ಲೆಮೆನ್ಸ್ ನೆವಾಡ ಪ್ರಾಂತದ ಕಾರ್ಯದರ್ಶಿಯಾಗಿ ನೇಮಕಗೊಂಡು ಹೊರಟಾಗ, ತಮ್ಮನೂ ಜೊತೆಗೂಡಿದ. ದಾರಿಯಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ಎರಡು ದಿನ ತಂಗಿ, ಅಲ್ಲಿಂದ ಮಾರ್ಮನ್ ಗ್ರಂಥದ ಒಂದು ಪ್ರತಿಯನ್ನು ತಂದ. 1872ರಲ್ಲಿ ಪ್ರಕಟವಾದ 'ರಫಿಂಗ್ ಇಟ್' ಎಂಬ ಪ್ರವಾಸಕಥನದಲ್ಲಿ ಆ ಗ್ರಂಥಕ್ಕೆ ಒಂದು ಇಡೀ ಅಧ್ಯಾಯ ಮೀಸಲಾಗಿದೆ.

ಟ್ವೇನನ ಆಕ್ಷೇಪಗಳು ಬಹುಮಟ್ಟಿಗೆ ಶೈಲಿಯನ್ನು ಕುರಿತವು. ಗ್ರಂಥದ ಭಾಷೆ ಹಳೆಯ ಇಂಗ್ಲಿಷ್ ಬೈಬಲ್ಲಿನ ಅನುಕರಣೆ ಎಂದೂ, ಒಂದೇ ಪೀಠಿಕಾವಾಕ್ಯ ಪುಟಪುಟದಲ್ಲಿಯೂ ಮರುಕಳಿಸುತ್ತದೆ, ಅದನ್ನು ತೆಗೆದರೆ ದೊಡ್ಡ ಗ್ರಂಥ ಸಣ್ಣ ಹೊತ್ತಗೆಯಾದೀತು ಎಂದೂ ಅವನು ಹಾಸ್ಯ ಮಾಡುತ್ತಾನೆ. ಓದುಗನಿಗೆ ನಿದ್ದೆ ಬರಿಸುವ ಔಷಧಕ್ಕೆ ಅದನ್ನು ಹೋಲಿಸುತ್ತಾನೆ. ಗ್ರಂಥದ ಒಂದು ಭಾಗಕ್ಕೆ 'ಈಥರ್' ಎಂಬ ಹೆಸರಿರುವುದು ಈ ಹೋಲಿಕೆಗೆ ಒದಗಿಬಂದ ಕಾಕತಾಳೀಯ. ಈ ವಿನೋದದಲ್ಲಿ ಚುರುಕು ಇದೆ, ಸಂದೇಹವಿಲ್ಲ. ಆದರೆ ಭರತನ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ನಗೆಗೆ ವಿಭಾವವಾಗಿರುವುದು ಗ್ರಂಥದ ವೇಷವೇ ಹೊರತು ಗ್ರಂಥದ ಅರ್ಥವಲ್ಲ. ಪುನರುಕ್ತಿ ದೋಷವೆನ್ನುವ ಸೂತ್ರವನ್ನು ಹಿಡಿದು ಹೊರಟರೆ ಯಾವ ಪ್ರಾಚೀನ ಧರ್ಮಗ್ರಂಥ ತಾನೆ ಉಳಿದೀತು?

ಇದಕ್ಕಿಂತ ಗಟ್ಟಿಯಾದ ವಿಡಂಬನೆ ಸಾಕ್ಷ್ಯವನ್ನು ಕುರಿತದ್ದು. ಚಿನ್ನದ ತಗಡುಗಳನ್ನು ಕಂಡೆವೆಂದು ಮೊದಲು ಮೂವರೂ ಬಳಿಕ ಎಂಟು ಮಂದಿಯೂ ಒಪ್ಪವಿಟ್ಟ ಹೇಳಿಕೆಗಳು ಗ್ರಂಥದ ಜೊತೆಗೇ ಅಚ್ಚಾಗಿವೆ. ಈ ಹನ್ನೊಂದು ಮಂದಿಯಲ್ಲಿ ಐವರು ವಿಟ್ಮರ್ ಮನೆತನದವರು, ಮೂವರು ಸ್ವತಃ ಸ್ಮಿತ್ ಮನೆತನದವರು. ವಿಟ್ಮರ್ ಮನೆಯ ಮಂದಿಯೆಲ್ಲ ಬಂದು ಸಾಕ್ಷಿ ನುಡಿದಿದ್ದರೂ ತನಗೆ ಇದಕ್ಕಿಂತ ಹೆಚ್ಚಿನ ಸಮಾಧಾನ ಆಗುತ್ತಿರಲಿಲ್ಲ ಎಂಬರ್ಥದಲ್ಲಿ ಟ್ವೇನ್ ಬಹು ಗಂಭೀರವಾಗಿ ಒಪ್ಪಿಕೊಂಡಂತೆ ನಟಿಸುತ್ತಾನೆ. ಇದು ವೇಷವನ್ನು ಬಿಟ್ಟು ಪ್ರಮಾಣವನ್ನೇ ಮುಟ್ಟುವ ಹಾಸ್ಯ. ಅಧ್ಯಾಯದ ಉತ್ತಮಾಂಶ ಇದೇ. ಆದರೂ ನ್ಯಾಯದೃಷ್ಟಿಯಿಂದ ಒಂದು ಮಾತನ್ನು ಸೇರಿಸಬೇಕು. ಮೊದಲ ಮೂವರು ಸಾಕ್ಷಿಗಳಾದ ಆಲಿವರ್ ಕೌಡರಿ, ಡೇವಿಡ್ ವಿಟ್ಮರ್, ಮಾರ್ಟಿನ್ ಹ್ಯಾರಿಸ್ ಮೂವರೂ ಮುಂದೆ ಸ್ಮಿತ್‌ನೊಡನೆ ವಿರಸಗೊಂಡು ಸಭೆಯಿಂದ ದೂರವಾದರು. ಕೌಡರಿ ಮತ್ತು ಹ್ಯಾರಿಸ್ ವರ್ಷಗಳ ತರುವಾಯ ಮರಳಿದರು. ವಿಟ್ಮರ್ ಮರಳಲೇ ಇಲ್ಲ. ಆದರೆ ಗುರುವಿನೊಡನೆ ಮುರಿದುಕೊಂಡ ಕಾಲದಲ್ಲಿಯೂ ಅವರು ತಮ್ಮ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳಲಿಲ್ಲ. ಇದರಿಂದ ತಗಡುಗಳ ಇರವು ಸಿದ್ಧವಾಯಿತೆಂದಲ್ಲ. ನಂಟಸ್ತಿಕೆಯೊಂದರಿಂದಲೇ ಸಾಕ್ಷ್ಯವನ್ನು ವಿವರಿಸಿಬಿಡಬಹುದೆಂಬ ಹಾಸ್ಯಗಾರನ ಲೆಕ್ಕ ಪೂರ್ತಿ ಸರಿಬರುವುದಿಲ್ಲ ಎಂಬುದಷ್ಟೆ ಇದರ ತಾತ್ಪರ್ಯ.

ಟ್ವೇನ್ ಹುಟ್ಟಿ ಬೆಳೆದದ್ದು ಮಿಸೂರಿಯಲ್ಲಿ. ಆ ಸಂಸ್ಥಾನ ಮಾರ್ಮನರನ್ನು ಓಡಿಸಿದಾಗ ಅವನಿಗೆ ಮೂರು ವರ್ಷ. ಪುಸ್ತಕದ ಕೊನೆಯ ಅನುಬಂಧದಲ್ಲಿ, ಈ ಜನರನ್ನು ಊರಿಂದೂರಿಗೆ ಬೆನ್ನಟ್ಟಿದ್ದರಿಂದಲೇ ಅವರಿಗೆ ಹೊರಗಿನವರೆಲ್ಲರ ಮೇಲೆ ದ್ವೇಷ ಹುಟ್ಟಿತೆಂದು ಅವನೇ ಒಪ್ಪಿಕೊಂಡಿದ್ದಾನೆ. ಆದರೆ ಈ ಅರಿವು ಅನುಬಂಧದಲ್ಲಿಯೇ ಉಳಿಯಿತು. ಗ್ರಂಥವನ್ನು ಕುರಿತ ನಗೆಯೊಳಗೆ ಅದು ಇಳಿಯಲಿಲ್ಲ.

ಅಧಿಕಾರ

ಅಧಿಕಾರವನ್ನು ಕುರಿತು ನಗುವಾಗ ಟ್ವೇನನ ಕೈ ಹೆಚ್ಚು ಪಳಗಿದೆ. ಅದಕ್ಕೆ ಕಾರಣವೂ ಸ್ಪಷ್ಟ. ಮಿಸೂರಿಯಲ್ಲಿ ದುರ್ಬಲರಾಗಿದ್ದವರು ಯೂಟಾದಲ್ಲಿ ಪ್ರಬಲರಾಗಿದ್ದರು. 1857ರಲ್ಲಿ ಮೌಂಟನ್ ಮೆಡೋಸ್ ಎಂಬಲ್ಲಿ ವಲಸೆಗಾರರ ತಂಡವೊಂದರ ಸುಮಾರು 120 ಮಂದಿಯನ್ನು ಮಾರ್ಮನ್ ದಂಡಿನವರು ಕೊಂದದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಇಂತಹ ಪ್ರಾಬಲ್ಯದ ಎದುರಿನಲ್ಲಿ ನಗೆಗೆ ನೈತಿಕವಾದ ಅವಕಾಶವಿದೆ.

ಟ್ವೇನ್ ಹೇಳುವ ಕಥೆಯೊಂದು ಹೀಗಿದೆ. ತಂತಿಮಾರ್ಗದ ಗುತ್ತಿಗೆದಾರನೊಬ್ಬ ಕೆಲಸವನ್ನು ಮಾರ್ಮನರಿಗೆ ಒಳಗುತ್ತಿಗೆ ಕೊಟ್ಟಿದ್ದ. ಲಾಭವಿಲ್ಲವೆಂದು ಕಂಡೊಡನೆ ಅವರು ಕೈಬಿಟ್ಟರು. ಸರಕಾರದ ಅಧಿಕಾರಿಗಳಿಂದ ಏನೂ ಆಗಲಿಲ್ಲ. ಕಡೆಗೆ ಅವನು ಬ್ರಿಗಮ್ ಯಂಗನ ಬಳಿಗೆ ಹೋದ. ಯಂಗ್ ಕಾಗದಗಳನ್ನು ನೋಡಿ, ಅವರನ್ನೆಲ್ಲ ಕರೆಸಿ, ಒಪ್ಪಿದ ಕೆಲಸವನ್ನು ಒಪ್ಪಿದಂತೆ ಮುಗಿಸಿರೆಂದು ಆಜ್ಞಾಪಿಸಿದ. ಅವರು ಮರುಮಾತಿಲ್ಲದೆ ಹೋಗಿ ಮುಗಿಸಿದರು. ಕಾಗದದ ಮೇಲಿನ ಸರಕಾರ ಒಂದು, ನಡೆಯುವ ಸರಕಾರ ಇನ್ನೊಂದು ಎಂಬುದು ಇದರ ಧ್ವನಿ. ಯಂಗ್ ಇಲ್ಲಿ ದುಷ್ಟನಾಗಿ ಚಿತ್ರಿತನಾಗಿಲ್ಲ, ನ್ಯಾಯವನ್ನೇ ಮಾಡಿದ್ದಾನೆ. ಆದರೂ ಒಬ್ಬ ಮನುಷ್ಯನ ಮಾತೇ ಕಾನೂನಾದ ನಾಡಿನ ಸ್ಥಿತಿ ನಗೆಯ ನಡುವೆಯೇ ಓದುಗನನ್ನು ತಟ್ಟುತ್ತದೆ. ಯಂಗನ ದರ್ಶನಕ್ಕೆ ಹೋದ ತನ್ನನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಕಡೆಗೆ ಮಗುವಿನಂತೆ ತಲೆ ಸವರಿ ಕಳುಹಿಸಿದನೆಂದು ಟ್ವೇನ್ ಬರೆಯುವಲ್ಲಿ ನಗೆ ಬರೆದವನ ಮೇಲೆಯೇ ತಿರುಗಿಕೊಳ್ಳುತ್ತದೆ. ಇದು ಸಜ್ಜನರು ಮೆಚ್ಚುವ ಹಾಸ್ಯ.

ಆದರೆ ಬಹುಪತ್ನೀತ್ವದ ಪ್ರಸ್ತಾಪ ಬಂದಾಗ ಇದೇ ಲೇಖನಿ ಕೆಳಮಟ್ಟಕ್ಕೆ ಇಳಿಯುತ್ತದೆ. ಆ ಪದ್ಧತಿಯನ್ನು ಖಂಡಿಸಬೇಕೆಂದಿದ್ದವನು ಅಲ್ಲಿನ ಹೆಂಗಸರ ರೂಪವನ್ನು ಕಂಡು, ಅವರನ್ನು ಮದುವೆಯಾದವರು ಪುಣ್ಯವಂತರೆಂದು ಮನಸ್ಸು ಬದಲಾಯಿಸಿದನಂತೆ. ಪದ್ಧತಿಯನ್ನು ನಡೆಸಿದವರು ಗಂಡಸರು. ಆಜ್ಞೆ ಮಾಡಿದ್ದು ಪೀಠ. ನಗೆಯ ಪೆಟ್ಟು ಬಿದ್ದದ್ದು ಹೆಂಗಸರ ಮುಖದ ಮೇಲೆ. ಅಧಿಕಾರವನ್ನು ಹೊಡೆಯಲು ಎತ್ತಿದ ಕೋಲು ಅಧಿಕಾರಕ್ಕೆ ಸಿಕ್ಕವರ ಬೆನ್ನಿಗೆ ಬಿದ್ದಂತಾಯಿತು. ಟ್ವೇನನ ಪುಸ್ತಕ ಹೊರಬರುವ ಎರಡು ವರ್ಷ ಮುಂಚೆ, 1870ರಲ್ಲಿಯೇ, ಯೂಟಾದ ಸ್ತ್ರೀಯರು ಮತದಾನದ ಹಕ್ಕನ್ನು ಪಡೆದು ಚಲಾಯಿಸಿದ್ದರೆಂಬುದೂ, 1887ರಲ್ಲಿ ಬಹುಪತ್ನೀತ್ವವನ್ನು ಅಡಗಿಸುವ ನೆಪದಲ್ಲಿ ಅಮೆರಿಕದ ಸಂಸತ್ತೇ ಆ ಹಕ್ಕನ್ನು ಕಿತ್ತುಕೊಂಡಿತೆಂಬುದೂ ಇಲ್ಲಿ ಸ್ಮರಣೀಯ. ಆ ಸ್ತ್ರೀಯರಿಗೂ ಒಂದು ದನಿಯಿದೆಯೆಂದು ಹಾಸ್ಯಗಾರನಿಗೆ ತೋರಲಿಲ್ಲ.

ಹೊರಗಿನವನ ನಗೆ ಹೀಗಾದರೆ, ಒಳಗಿನವನ ನಗೆಗೆ ಜೊನಾಥನ್ ಗೋಲ್ಡನ್ ಕಿಂಬಲ್ (1853–1938) ನಿದರ್ಶನ. ಇವನು ಬ್ರಿಗಮ್ ಯಂಗನ ಸಲಹೆಗಾರನಾಗಿದ್ದ ಹೀಬರ್ ಕಿಂಬಲನ ಮಗ. ಎಳೆವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಹೇಸರಗತ್ತೆಗಳನ್ನು ಹೊಡೆಯುವ ಕೆಲಸಕ್ಕೆ ಸೇರಿದವನು. ಆ ಪ್ರಾಣಿಗಳೊಡನೆ ಕಲಿತ ಬೈಗುಳಗಳು ಅವನ ನಾಲಗೆಯಲ್ಲಿ ಕೊನೆಯವರೆಗೂ ಉಳಿದವು. 1892ರಲ್ಲಿ ಸಭೆಯ ಉನ್ನತ ಮಂಡಲಿಗಳಲ್ಲಿ ಒಂದಕ್ಕೆ ಆಯ್ಕೆಯಾಗಿ, ಸಾಯುವವರೆಗೆ ಆ ಸ್ಥಾನದಲ್ಲಿದ್ದ. ವೇದಿಕೆಯ ಮೇಲೆ ನಿಂತು ಉಪದೇಶದ ನಡುವೆ 'ನರಕ' ಎಂಬ ಪದವನ್ನೇ ಬೈಗುಳವಾಗಿ ಬಳಸುತ್ತಿದ್ದ ಧರ್ಮಾಧಿಕಾರಿ ಇವನು! ಜನ ಅದನ್ನು ಕೇಳಲೆಂದೇ ಕಿಕ್ಕಿರಿದು ಬರುತ್ತಿದ್ದರು.

ಅವನ ಹೆಸರಿನಲ್ಲಿ ಹುಟ್ಟಿಕೊಂಡ ಜನಪದ ಕಥೆಗಳು ಹಲವು. ಬೈಗುಳ ಬಾರದಿರಲೆಂದು ಅಧ್ಯಕ್ಷರು ಭಾಷಣವನ್ನು ತಾವೇ ಬರೆದುಕೊಟ್ಟರಂತೆ. ಅಕ್ಷರ ತಿಳಿಯದೆ ತಡವರಿಸಿದ ಕಿಂಬಲ್, ಇದನ್ನು ಓದುವುದು ತನ್ನಿಂದಾಗದೆಂದು ಸಭೆಯ ಮುಂದೆಯೇ ಆ ಪದವನ್ನು ಬಳಸಿಯೇ ಹೇಳಿದನಂತೆ. ತನ್ನನ್ನು ಸಭೆಯಿಂದ ಹೊರಹಾಕುವುದು ಸಾಧ್ಯವಿಲ್ಲ, ಅವರು ತೀರ್ಮಾನಿಸುವಷ್ಟರಲ್ಲಿ ತಾನು ಪಶ್ಚಾತ್ತಾಪ ಪಟ್ಟಿರುತ್ತೇನೆ ಎಂದೂ ಹೇಳುತ್ತಿದ್ದನೆಂದು ಪ್ರತೀತಿ. ಈ ಕಥೆಗಳಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬುದು ಮುಖ್ಯವಲ್ಲ. ಶಿಸ್ತು ಬಿಗಿಯಾಗಿರುವ ಸಮಾಜವೊಂದು ತನ್ನ ಬಿಗುವನ್ನು ಸಡಿಲಿಸಿಕೊಳ್ಳಲು ತನ್ನವನೇ ಒಬ್ಬನನ್ನು ಆರಿಸಿಕೊಂಡು, ಅವನ ಬಾಯಿಂದ ತನ್ನ ಮಾತನ್ನು ಆಡಿಸಿತೆಂಬುದು ಮುಖ್ಯ. ಕಿಂಬಲ್ ಗ್ರಂಥವನ್ನು ಅಲ್ಲಗಳೆಯಲಿಲ್ಲ, ಪೀಠವನ್ನು ಬಿಟ್ಟುಹೋಗಲಿಲ್ಲ. ಪಾವಿತ್ರ್ಯ ಬೇರೆ, ಬಿಂಕ ಬೇರೆ ಎಂಬುದನ್ನು ಮಾತ್ರ ತೋರಿಸಿಕೊಟ್ಟ. ಅವನ ನಗೆ ಬಿಂಕವನ್ನು ಮುರಿಯಿತು. ಪಾವಿತ್ರ್ಯಕ್ಕೆ ಅದರಿಂದ ಕುಂದು ಬರಲಿಲ್ಲ.

ನರಕ

ನರಕದ ವಿಷಯದಲ್ಲಿ ಹಾಸ್ಯಗಾರರು ಸಾಮಾನ್ಯವಾಗಿ ಕಾಣದೆಹೋದ ಸಂಗತಿಯೊಂದಿದೆ. ಮಾರ್ಮನ್ ಗ್ರಂಥದಲ್ಲಿ ಬೆಂಕಿ, ಗಂಧಕಗಳ ಮಾತು ಬರುತ್ತದೆ. ಆದರೆ ಹಲವೆಡೆ ಅದು ಉಪಮೆಯಾಗಿ ಬರುತ್ತದೆ. ಪಾಪಿಯನ್ನು ಸುಡುವುದು ಅವನ ಎಚ್ಚೆತ್ತ ಸ್ಮೃತಿಯೇ. ಆಲ್ಮ ಎಂಬವನು ಮೂರು ದಿನ ತನ್ನ ಪಾಪಗಳ ನೆನಪಿನಿಂದಲೇ ನರಕಯಾತನೆಯನ್ನು ಉಂಡು, ಬಳಿಕ ಅಷ್ಟೇ ತೀವ್ರವಾದ ಆನಂದವನ್ನು ಪಡೆದ ವೃತ್ತಾಂತ ಆ ಗ್ರಂಥದ ಉಜ್ವಲ ಭಾಗಗಳಲ್ಲಿ ಒಂದು. ಅದೇ ಗ್ರಂಥ, ಎಲ್ಲರಿಗೂ ಮುಕ್ತಿ ಖಚಿತವೆಂದು ಬೋಧಿಸಿದ ನೀಹೋರ್ ಎಂಬವನನ್ನು ತಪ್ಪುಗಾರನನ್ನಾಗಿಯೂ ಚಿತ್ರಿಸುತ್ತದೆ. ಗ್ರಂಥದೊಳಗೇ ಹೀಗೆ ಒಂದು ಜಗ್ಗಾಟವಿದೆ.

ಗ್ರಂಥ ಅಚ್ಚಾದ ಕಾಲದಲ್ಲಿಯೇ ಸ್ಮಿತ್ ಇನ್ನೊಂದು ಹೆಜ್ಜೆ ಮುಂದಿಟ್ಟ. ಅನಂತಶಿಕ್ಷೆ ಎಂಬಲ್ಲಿ 'ಅನಂತ' ಎಂಬುದು ದೇವರ ಹೆಸರು. ಅದು ಅನಂತನಾದ ದೇವರು ಕೊಡುವ ಶಿಕ್ಷೆ, ಕೊನೆಯಿಲ್ಲದ ಶಿಕ್ಷೆಯಲ್ಲ ಎಂದು ಹ್ಯಾರಿಸ್‌ಗೆ ಕೊಟ್ಟ ಬೋಧೆಯಲ್ಲಿ ವ್ಯಾಖ್ಯಾನಿಸಿದ. 1832ರ ಫೆಬ್ರವರಿಯಲ್ಲಿ ಒಹಾಯೊ ಸಂಸ್ಥಾನದ ಹೈರಮ್ ಗ್ರಾಮದಲ್ಲಿ ಸ್ಮಿತ್ ಮತ್ತು ಸಿಡ್ನಿ ರಿಗ್ಡನ್ ಕಂಡರೆಂಬ ದರ್ಶನದಲ್ಲಿ ಪರಲೋಕ ಸ್ವರ್ಗ–ನರಕಗಳೆಂಬ ಎರಡು ಪಾಲಾಗಿರದೆ, ಮಹಿಮೆಯ ಮೂರು ಅಂತಸ್ತುಗಳಾಗಿ ತೋರುತ್ತದೆ. ಸುಳ್ಳುಗಾರರು, ವ್ಯಭಿಚಾರಿಗಳು ಕೂಡ ಒಂದು ಅವಧಿಯ ಯಾತನೆಯ ಬಳಿಕ ಕೆಳಗಿನ ಅಂತಸ್ತನ್ನು ಸೇರುತ್ತಾರೆ. ತಿಳಿದೂ ತಿಳಿದೂ ಬೆಳಕನ್ನು ಧಿಕ್ಕರಿಸಿದ ಕೆಲವರು ಮಾತ್ರ ಹೊರಗತ್ತಲೆಗೆ ಬೀಳುತ್ತಾರೆ. ನಿತ್ಯನರಕದ ಭಯದಲ್ಲಿ ಬೆಳೆದ ಅಂದಿನ ಅನುಯಾಯಿಗಳಲ್ಲಿ ಹಲವರಿಗೆ ಈ ಉದಾರತೆಯನ್ನು ಅರಗಿಸಿಕೊಳ್ಳುವುದೇ ಕಷ್ಟವಾಯಿತು. ಈ ಬೋಧೆಗಳು 'ಡಾಕ್ಟ್ರಿನ್ ಅಂಡ್ ಕವೆನೆಂಟ್ಸ್' ಎಂಬ ಇನ್ನೊಂದು ಗ್ರಂಥದಲ್ಲಿ ಸೇರಿವೆ.

ಇಲ್ಲಿ ಟ್ವೇನನ ಕಡೆಗೆ ಮತ್ತೆ ತಿರುಗಬೇಕಾಗುತ್ತದೆ. ಅವನ ತಾಯಿಯ ಮತ ಪ್ರೆಸ್ಬಿಟೇರಿಯನ್. ನಿತ್ಯನರಕ ಅವನ ಬಾಲ್ಯದ ಭಯ. ಹಿರಿಯ ಮಗಳು ಸೂಸಿ 1896ರಲ್ಲಿ, ಹೆಂಡತಿ ಒಲಿವಿಯ 1904ರಲ್ಲಿ ತೀರಿಕೊಂಡರು. 1909ರಲ್ಲಿ, ಸಾವಿನ ಹಿಂದಿನ ವರ್ಷ, ಅವನು 'ಲೆಟರ್ಸ್ ಫ್ರಮ್ ದಿ ಅರ್ತ್' ಎಂಬ ಕೃತಿಯನ್ನು ಬರೆದ. ಸೈತಾನನು ಭೂಮಿಯಿಂದ ತನ್ನ ಗೆಳೆಯ ದೇವದೂತರಿಗೆ ಬರೆದ ಪತ್ರಗಳ ರೂಪ ಅದಕ್ಕಿದೆ. ಮನುಷ್ಯ ಭೂಮಿಯಲ್ಲಿ ತನಗೆ ಬೇಸರ ತರಿಸುವ ಪ್ರಾರ್ಥನೆ, ಹಾಡು, ವಾದ್ಯಗಳಿಂದಲೇ ತನ್ನ ಸ್ವರ್ಗವನ್ನು ತುಂಬಿ, ಪ್ರಿಯವಾದುದನ್ನೆಲ್ಲ ಹೊರಗಿಟ್ಟಿದ್ದಾನೆಂದು ಸೈತಾನ ಬೆರಗಾಗುತ್ತಾನೆ. ಹಳೆಯ ಒಡಂಬಡಿಕೆಯ ಉಗ್ರದೇವರ ಶಿಕ್ಷೆ ಸಾವಿಗೆ ಮುಗಿಯುತ್ತಿತ್ತು, ಸಾವಿನ ಆಚೆಗೂ ಬೆನ್ನಟ್ಟುವ ನರಕ ಬಂದದ್ದು ಕರುಣೆಯ ಹೆಸರಿನೊಡನೆ ಎಂಬುದು ಆ ಕೃತಿಯ ತೀಕ್ಷ್ಣವಾದ ಆರೋಪ. ಇಲ್ಲಿನ ನಗೆ ಎರಡು ದಿನದ ಪ್ರವಾಸಿಯದಲ್ಲ; ಆ ಮತದ ಹೊಟ್ಟೆಯಲ್ಲಿಯೇ ಹುಟ್ಟಿದವನದು. ಗುರಿ ಹೆರವರ ವೇಷವಲ್ಲ, ತನ್ನ ಮನೆಯ ನಂಬಿಕೆಯ ತಿರುಳು. ವಿದ್ವಾಂಸ ಬರ್ನಾರ್ಡ್ ಡಿವೋಟೊ 1939ರಲ್ಲಿಯೇ ಪ್ರಕಟಣೆಗೆ ಸಿದ್ಧಗೊಳಿಸಿದರೂ, ಟ್ವೇನನ ಮಗಳು ಕ್ಲಾರಾ ಒಪ್ಪದೆ ಅದು 1962ರವರೆಗೆ ಬೆಳಕು ಕಾಣಲಿಲ್ಲ. ಆ ಡಿವೋಟೊ ಯೂಟಾದ ಆಗ್ಡೆನ್ ಪಟ್ಟಣದಲ್ಲಿ ಮಾರ್ಮನ್ ತಾಯಿಯ ಮಗನಾಗಿ ಹುಟ್ಟಿದವನು.

ಈ ಎರಡು ಕೃತಿಗಳನ್ನು ಎದುರುಬದುರಾಗಿಟ್ಟರೆ ಒಂದು ವಿಷಾದದ ಸಂಗತಿ ಕಾಣುತ್ತದೆ. ಮುಪ್ಪಿನಲ್ಲಿ ಟ್ವೇನ್ ಯಾವ ನಿತ್ಯನರಕದ ವಿರುದ್ಧ ಸೈತಾನನ ಕೈಯಿಂದ ಪತ್ರ ಬರೆಸಿದನೋ, ಆ ನರಕವನ್ನು ಬಹುಮಟ್ಟಿಗೆ ಬರಿದುಮಾಡಿದ ಜನರ ನಡುವೆ ಅವನು ಯೌವನದಲ್ಲಿ ಎರಡು ದಿನ ಕಳೆದಿದ್ದ. ಅವರ ಒಂದು ಗ್ರಂಥದ ವೇಷವನ್ನು ನೋಡಿ ನಕ್ಕು ಬಂದ. ಇನ್ನೊಂದು ಗ್ರಂಥದಲ್ಲಿ ಏನಿದೆಯೆಂದು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಅವನು ಆ ಮತವನ್ನು ಒಪ್ಪುತ್ತಿದ್ದನೆಂದು ಹೇಳಲಾಗದು. ಆದರೆ ತನ್ನನ್ನು ಕಾಡಿದ ಪ್ರಶ್ನೆಯೇ ಅವರನ್ನೂ ಕಾಡಿತ್ತೆಂಬುದು ತಿಳಿಯುತ್ತಿತ್ತು. ಅವಸರದ ನಗೆಯಿಂದ ನಗಲ್ಪಟ್ಟವನಿಗಿಂತ ನಕ್ಕವನಿಗೇ ಹೆಚ್ಚು ನಷ್ಟವಾದ ಪ್ರಸಂಗ ಇದು.

ಇತ್ತೀಚಿನ ನಿದರ್ಶನ 2011ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದ ಸಂಗೀತನಾಟಕ. ಅದರ ಹೆಸರೂ 'ದಿ ಬುಕ್ ಆಫ್ ಮಾರ್ಮನ್'. ಟ್ರೇ ಪಾರ್ಕರ್, ಮ್ಯಾಟ್ ಸ್ಟೋನ್, ರಾಬರ್ಟ್ ಲೋಪೆಜ್ ಇದರ ಕರ್ತೃಗಳು. ಒಂಬತ್ತು ಟೋನಿ ಪ್ರಶಸ್ತಿಗಳು ಇದಕ್ಕೆ ಬಂದವು. ಇಬ್ಬರು ತರುಣ ಪ್ರಚಾರಕರು ಯುಗಾಂಡಕ್ಕೆ ಹೋಗುತ್ತಾರೆ. ಅವರಲ್ಲಿ ಪ್ರೈಸ್ ಎಂಬವನು ಜೊತೆಗಾರನನ್ನು ಕೈಬಿಟ್ಟು ಹೊರಟಾಗ ನರಕದ ಕನಸು ಕಾಣುತ್ತಾನೆ. ಕುಣಿಯುವ ದೆವ್ವಗಳು, ಬೆಂಕಿ, ಹಿಟ್ಲರನಂತಹ ಮಹಾಪಾತಕಿಗಳ ಸಾಲು—ಈ ಹೊರರೂಪ ಮಾರ್ಮನ್ ಸಿದ್ಧಾಂತದ್ದಲ್ಲ, ಸಾಮಾನ್ಯ ಕ್ರೈಸ್ತ ಚಿತ್ರಗಳಿಂದ ಎರವಲು ತಂದದ್ದು. ಆದರೆ ಆ ಪಾತಕಿಗಳ ಸಾಲಿನಲ್ಲಿ ನಿಂತ ತರುಣನನ್ನು ಹಿಂಡುತ್ತಿರುವ ಹಳೆಯ ಪಾಪ ಯಾವುದು? ಬಾಲ್ಯದಲ್ಲಿ ಡೋನಟ್ ಎಂಬ ಸಿಹಿತಿಂಡಿಯನ್ನು ಕದ್ದು ತಿಂದು ಅಣ್ಣತಮ್ಮನ ಮೇಲೆ ಹೊರಿಸಿದ್ದು! ಪ್ರೇಕ್ಷಕರು ಇಲ್ಲಿ ಬಿದ್ದು ಬಿದ್ದು ನಗುತ್ತಾರೆ. ವಿಚಾರ ಮಾಡಿದರೆ, ಹೊರರೂಪ ಸುಳ್ಳಾದ ಈ ನರಕದ ಒಳತಿರುಳು ಮಾತ್ರ ಗ್ರಂಥಸಮ್ಮತವೇ ಆಗಿದೆ. ಮರೆಯಲಾಗದ ನೆನಪೇ ನರಕವೆಂದು ಆಲ್ಮನ ವೃತ್ತಾಂತವೂ ಹೇಳುತ್ತದೆ. ಪರಿಪೂರ್ಣತೆಯ ಹಂಬಲವುಳ್ಳ ಸಮಾಜದಲ್ಲಿ ಬೆಳೆದ ಹುಡುಗನಿಗೆ ಕಿರಿಯ ತಪ್ಪೂ ಹಿರಿಯದಾಗಿ ಕಾಡುವ ಬಗೆಯನ್ನು ನಾಟಕ ಬಲ್ಲುದಾಗಿದೆ.

ಇನ್ನೊಬ್ಬ ಪ್ರಚಾರಕ ಕನ್ನಿಂಗ್‌ಹ್ಯಾಮ್. ಇವನು ತನ್ನ ಧರ್ಮಗ್ರಂಥವನ್ನೇ ಓದಿಲ್ಲ. ಊರವರ ರೋಗ, ಹಿಂಸೆಗಳಿಗೆ ಗ್ರಂಥದಲ್ಲಿ ಉತ್ತರವೇನೆಂದು ಕೇಳಿದಾಗ ಸಿನಿಮಾ ಕಥೆಗಳನ್ನು ಬೆರಸಿ ಉಪದೇಶ ಮಾಡುತ್ತಾನೆ. ಜನ ಅದರಿಂದಲೇ ಧೈರ್ಯಗೊಳ್ಳುತ್ತಾರೆ. ತನಿಖೆಗೆ ಬಂದ ಮೇಲಧಿಕಾರಿ ಗಾಬರಿಗೊಂಡು ಕೇಂದ್ರವನ್ನು ಮುಚ್ಚಿಸುತ್ತಾನೆ. ಅಧಿಕಾರಕ್ಕೆ ಗ್ರಂಥದ ಅಕ್ಷರ ಮುಖ್ಯ, ಊರವರಿಗೆ ಅದರ ಫಲ ಮುಖ್ಯ ಎಂಬುದು ನಾಟಕದ ನಿಲುವು. ಕಪ್ಪು ವರ್ಣದ ಪುರುಷರಿಗೆ ಯಾಜಕತ್ವವನ್ನು ನಿರಾಕರಿಸಿದ್ದ ನಿಯಮ 1978ರಲ್ಲಿ ದೈವಪ್ರೇರಣೆಯ ಹೆಸರಿನಲ್ಲಿ ಬದಲಾದುದನ್ನೂ ಅದು ಒಂದು ಹಾಡಿನಲ್ಲಿ ಚುಚ್ಚುತ್ತದೆ. ಈ ಚುಚ್ಚು ನ್ಯಾಯವಾದದ್ದೇ. ಹಳೆಯ ನಿಯಮಕ್ಕೆ ಕೊಟ್ಟಿದ್ದ ಸಮರ್ಥನೆಗಳನ್ನು 2013ರಲ್ಲಿ ಪ್ರಕಟವಾದ ಲೇಖನದಲ್ಲಿ ಸಭೆಯೇ ತಳ್ಳಿಹಾಕಿತು.

ಹೀಗಿದ್ದರೂ ನಾಟಕದ ದೊಡ್ಡ ದೋಷ ಬೇರೆಡೆಯಲ್ಲಿದೆ. ಮಾರ್ಮನ್ ತರುಣರನ್ನು ನಗುವಾಗ ಅದು ಅವರ ಸಜ್ಜನಿಕೆಯನ್ನು ಉಳಿಸಿಕೊಡುತ್ತದೆ. ಯುಗಾಂಡದ ಜನರನ್ನು ನಗುವಾಗ ಅವರಿಗೆ ಅಜ್ಞಾನವನ್ನಲ್ಲದೆ ಬೇರೇನನ್ನೂ ಹೆಚ್ಚಾಗಿ ಉಳಿಸಿಕೊಡುವುದಿಲ್ಲ. ಗ್ರಂಥವನ್ನು ಕುರಿತು ಮಾಡಿದ ವಿನೋದಕ್ಕಿಂತ ಈ ಅವಹೇಳನ ಹೆಚ್ಚು ಭಾರವಾದದ್ದು. ನಾಟಕದಲ್ಲಿ ಅಭಿನಯಿಸಿದ ಕಪ್ಪು ವರ್ಣದ ಕಲಾವಿದರೇ 2020ರಲ್ಲಿ ಈ ಬಗ್ಗೆ ಕರ್ತೃಗಳಿಗೆ ಪತ್ರ ಬರೆದರು. 2021ರಲ್ಲಿ ಮರುಪ್ರದರ್ಶನಕ್ಕೆ ಮುನ್ನ ಪಾಠವನ್ನು ತಿದ್ದಲಾಯಿತು. ಟ್ವೇನನ ಕೋಲು ಸ್ತ್ರೀಯರ ಮೇಲೆ ಬಿದ್ದಂತೆಯೇ ಇಲ್ಲಿಯೂ ಕೋಲು ಗುರಿತಪ್ಪಿ ಬಡವರ ಮೇಲೆ ಬಿದ್ದಿತ್ತು.

ಈ ನಾಟಕಕ್ಕೆ ಸಭೆ ಕೊಟ್ಟ ಉತ್ತರ ಗಮನಾರ್ಹ. ಅದು ಪ್ರದರ್ಶನವನ್ನು ನಿಷೇಧಿಸಿರೆಂದು ಬೀದಿಗಿಳಿಯಲಿಲ್ಲ. ನಾಟಕ ಒಂದು ಸಂಜೆಯ ಮನರಂಜನೆ ಕೊಡಬಹುದು, ಗ್ರಂಥ ಬಾಳನ್ನೇ ಮಾರ್ಪಡಿಸೀತು ಎಂಬರ್ಥದ ಚಿಕ್ಕ ಹೇಳಿಕೆಯನ್ನಷ್ಟೆ ಕೊಟ್ಟಿತು. 2012ರಲ್ಲಿ ಲಾಸ್ ಏಂಜಲೀಸಿನಲ್ಲಿ ಪ್ರದರ್ಶನ ನಡೆದಾಗ, ನಾಟಕವನ್ನು ನೋಡಿದವರು ಗ್ರಂಥವನ್ನೂ ಓದಲಿ ಎಂಬ ಆಶಯದ ಜಾಹೀರಾತುಗಳನ್ನು ಹಣ ಕೊಟ್ಟು ನಾಟಕದ ಕಾರ್ಯಕ್ರಮ ಪತ್ರಿಕೆಯಲ್ಲಿಯೇ ಹಾಕಿಸಿತು. ಇದರಲ್ಲಿ ಪ್ರಚಾರದ ಜಾಣ್ಮೆಯಿದೆ, ನಿಜ. ಆದರೆ ಓದದೆ ನಗಬೇಡಿ ಎಂಬ ಯುಕ್ತವಾದ ವಾದವೂ ಇದೆ. ಕಿಂಬಲನನ್ನು ಸಹಿಸ ಕಲಿತಿದ್ದ ಸಭೆಗೆ ಈ ಸಂಯಮ ಸಾಧ್ಯವಾಯಿತೆಂದು ಊಹಿಸಿದರೆ ತಪ್ಪಾಗಲಾರದು.

ಇಷ್ಟರಿಂದ ನಿಷ್ಪನ್ನವಾಗುವ ಅಂಶಗಳನ್ನು ಸಂಗ್ರಹಿಸಬಹುದು. ಪವಿತ್ರವಾದುದನ್ನು ನಗೆಯಾಡುವುದೇ ಅಪರಾಧವೆಂದರೆ ಕಿಂಬಲನಂತಹ ಭಕ್ತನಿಗೂ ಎಡೆಯಿಲ್ಲದಂತಾಗುತ್ತದೆ, ಅಧಿಕಾರದ ಬಿಂಕಕ್ಕೆ ಮದ್ದೂ ಇಲ್ಲದಂತಾಗುತ್ತದೆ. ನಗೆಯಾಡುವುದೇ ಜಾಣತನವೆಂದರೆ, ಎರಡು ದಿನದ ಪ್ರವಾಸಿಯ ಮಾತು ಒಂದು ಜನಾಂಗದ ಶತಮಾನಗಳ ಅನುಭವಕ್ಕಿಂತ ಹೆಚ್ಚಿನದೆಂದು ಒಪ್ಪಿದಂತಾಗುತ್ತದೆ. ನಗುವವನು ಗ್ರಂಥದ ಅರ್ಥದವರೆಗೆ ಹೋಗಿದ್ದಾನೆಯೇ, ನಗೆಯ ಪೆಟ್ಟು ಬಲ್ಲಿದನ ಮೇಲೆ ಬಿದ್ದಿದೆಯೇ ಬಡವನ ಮೇಲೆಯೇ, ಆ ನಗೆಯಲ್ಲಿ ನಗುವವನೂ ಪಾಲುಗಾರನಾಗಿದ್ದಾನೆಯೇ ಎಂಬ ಮೂರು ಪ್ರಶ್ನೆಗಳಿಂದ ಇಂತಹ ಕೃತಿಗಳನ್ನು ಪರೀಕ್ಷಿಸುವುದು ಯುಕ್ತ. ಈ ಪರೀಕ್ಷೆಯಲ್ಲಿ ಟ್ವೇನನ ಮಾರ್ಮನ್ ಅಧ್ಯಾಯಗಳು ಭಾಗಶಃ ತೇರ್ಗಡೆಯಾಗುತ್ತವೆ. ಸಂಗೀತನಾಟಕ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುತ್ತದೆ. ಕಿಂಬಲನ ಮಾತುಗಳೂ ಟ್ವೇನನ ಮುಪ್ಪಿನ ಪತ್ರಗಳೂ ನಿಲ್ಲುತ್ತವೆ. ಒಬ್ಬನು ನಂಬಿಕೆಯೊಳಗೆ ಉಳಿದು ನಕ್ಕವನು, ಇನ್ನೊಬ್ಬನು ನಂಬಿಕೆಯನ್ನು ಕಳೆದುಕೊಂಡು ನಕ್ಕವನು. ಇಬ್ಬರೂ ತಾವು ಬಲ್ಲ ಮನೆಯ ವಿಚಾರವಾಗಿಯೇ ನಕ್ಕರು.